ಅಪ್ಪನ ಮುಖಕ್ಕೆ 4,800 ಚೌಕ

ಜೂನ್ ತಿಂಗಳ ಮೂರನೇ ಭಾನುವಾರ. ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ಎಲ್ಲರ ಸ್ಟೇಟಸ್‌ನಲ್ಲೂ ಅಪ್ಪಂದಿರು. ಸ್ಕೂಟರ್ ಮೇಲೆ ಮಗಳನ್ನು ಕೂರಿಸಿಕೊಂಡ ಅಪ್ಪ, ಕೇಕ್ ಕತ್ತರಿಸುವ ಅಪ್ಪ, ಜೋಗದ ಮುಂದೆ ಕನ್ನಡಕ ಹಾಕಿಕೊಂಡು ನಿಂತ ಅಪ್ಪ. ನಾನೂ ಒಂದು ಚೆಂದದ ಆಲ್ಬಂ ಹಾಕೋಣ ಅಂತ ಗ್ಯಾಲರಿ ತೆರೆದೆ. ಒಟ್ಟು 4,312 ಫೋಟೊ ಇದ್ದವು. ನನ್ನವು, ಗೆಳತಿಯರವು, ಕ್ಯಾಂಟೀನಿನ ದೋಸೆ, ಬೋರ್ಡಿನ ಮೇಲಿನ ನೋಟ್ಸ್, ಲ್ಯಾಬ್ ರೆಕಾರ್ಡಿನ ಪುಟಗಳು, ನಮ್ಮನೆ ಬೆಕ್ಕಿನದೇ ಒಂದು ನೂರು. ಅಪ್ಪ ಇದ್ದದ್ದು ಏಳರಲ್ಲಿ. ಅದರಲ್ಲಿ ಎರಡು ಆಧಾರ್ ಕಾರ್ಡಿನ ಜೆರಾಕ್ಸ್, ಒಂದು ರೇಷನ್ ಕಾರ್ಡಿನದು, ಒಂದು ಮದುವೆ ಫೋಟೊವನ್ನು ಮೊಬೈಲಿನಲ್ಲಿ ಮತ್ತೆ ತೆಗೆದದ್ದು.

ಅವತ್ತು ಆಲ್ಬಂ ಹಾಕಲಿಲ್ಲ. ಫೋಟೊ ಇಲ್ಲ ಅನ್ನುವುದು ಒಂದೇ ಕಾರಣ ಆಗಿರಲಿಲ್ಲ. ಇನ್ನೊಂದು ಕಾರಣವನ್ನು ಆಮೇಲೆ ಹೇಳುತ್ತೇನೆ.

ನಮ್ಮೂರು ಕೊಟ್ಟೂರು. ನಾನು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಇ. ಓದುತ್ತಿದ್ದೇನೆ, ಇನ್ಫರ್ಮೇಷನ್ ಸೈನ್ಸ್. ಹಾಸ್ಟೆಲ್‌ನಲ್ಲಿ ನಮ್ಮ ಕಡೆಯವರು ಐದು ಜನ ಇದ್ದೇವೆ. ಅಲ್ಲಿ ನಮಗೆ ಊರಿನ ಹೆಸರೇ ಹೆಸರು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 'ಲೇ ಹಡಗಲಿ, ಬಕೆಟ್ ಕೊಡೇ' ಅಂದರೆ ಹಡಗಲಿಯವಳು ಬಾಗಿಲು ತೆರೆಯುತ್ತಾಳೆ. ಹರಪನಹಳ್ಳಿಯವಳಂತೂ ಹುಟ್ಟಿದ್ದು ದಾವಣಗೆರೆ ಜಿಲ್ಲೆ, ಆಮೇಲೆ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. 'ನಾನು ಮೂರು ಜಿಲ್ಲೆ ನೋಡೀನಿ, ನಮ್ಮನೆ ಮಾತ್ರ ಒಂದಿಂಚೂ ಸರಿದಿಲ್ಲ' ಅಂತ ನಗುತ್ತಾಳೆ.

ನೆಲಗಳೇ ತುಂಬಿದ ಗ್ಯಾಲರಿ

ಅಪ್ಪ ಇರುವುದು ಬೆಂಗಳೂರಿನಲ್ಲಿ. ವರ್ಷದಲ್ಲಿ ಕೊಟ್ಟೂರೇಶ್ವರನ ತೇರಿಗೆ, ಯುಗಾದಿಗೆ, ದೀಪಾವಳಿಗೆ ತಪ್ಪದೆ ಬರುತ್ತಾನೆ. ನಡುವೆ ಮನೆಯಲ್ಲಿ ಏನಾದರೂ ಕೆಲಸ ಬಿದ್ದರೆ ಒಂದೆರಡು ದಿನ. ಶ್ರಾವಣದಲ್ಲಿ ಹಾಗೇ ಬಂದಿದ್ದಾಗ ತನ್ನ ಮೊಬೈಲ್ ನನ್ನ ಕೈಗೆ ಕೊಟ್ಟ. 'ಯವ್ವಾ, ಇದ್ರಾಗ ಏನೋ ತುಂಬೈತಂತ. ಮೆಸೇಜೇ ಬರ್ತಿಲ್ಲ. ಸ್ವಲ್ಪ ನೋಡು' ಅಂದ.

ಸ್ಟೋರೇಜ್ ಫುಲ್ ಆಗಿತ್ತು. ಯಾವ ವಿಡಿಯೊ ತುಂಬಿಕೊಂಡಿದೆಯೋ ಅಂತ ತೆರೆದು ನೋಡಿದರೆ ಬರೀ ನೆಲ. ಒಂದರ ಹಿಂದೆ ಒಂದು, ನೆಲ, ನೆಲ, ನೆಲ. ಹಾಲ್‌ನ ನೆಲ, ಬಾತ್‌ರೂಮಿನ ಗೋಡೆ, ಮೆಟ್ಟಿಲು, ಬಾಲ್ಕನಿ, ಪಾರ್ಕಿಂಗ್. 640 ಫೋಟೊ. ಅಪ್ಪ ಟೈಲ್ಸ್ ಕೆಲಸದವನು. ಮೊದಮೊದಲು ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಿಡಿಯುತ್ತಿದ್ದ, ಆಮೇಲೆ ವಿಟ್ರಿಫೈಡ್ ಟೈಲ್ಸ್ ಬಂದವು, ಅದನ್ನು ಕಲಿತ. ದಿನದ ಕೆಲಸ ಮುಗಿದ ಮೇಲೆ ಎಷ್ಟು ಸ್ಕ್ವೇರ್ ಫೀಟ್ ಆಯಿತು ಅಂತ ತೋರಿಸಲು ಫೋಟೊ ತೆಗೆದು ಗುತ್ತಿಗೆದಾರರಿಗೆ ಕಳಿಸಬೇಕು. ಆ ಫೋಟೊಗಳೇ ಇವು.

ಅಳಿಸುವ ಮೊದಲು ಒಂದೊಂದೇ ನೋಡುತ್ತಾ ಹೋದೆ. ಸುಮಾರು ಫೋಟೊಗಳ ಕೆಳಗಿನ ಮೂಲೆಯಲ್ಲಿ ಒಂದು ಹೆಬ್ಬೆರಳು ಕಂಡಿತು. ಸಿಮೆಂಟ್ ಹತ್ತಿದ, ಉಗುರು ಒಡೆದ ಕಾಲಿನ ಹೆಬ್ಬೆರಳು. ಕೆಲವದರಲ್ಲಿ ಹೊಸ ಟೈಲ್ಸ್ ಮೇಲೆ ಉದ್ದಕ್ಕೆ ಬಿದ್ದ ನೆರಳು, ಮೊಬೈಲ್ ಹಿಡಿದ ಎರಡು ಕೈಯ ನೆರಳು. ಇಷ್ಟು ವರ್ಷ ಅಪ್ಪನ ಫೋಟೊ ಇಲ್ಲ ಅಂದುಕೊಂಡಿದ್ದೆ. ಇದ್ದವು, ಮೂಲೆಯಲ್ಲಿದ್ದವು.

ಎಲ್ಲವನ್ನೂ ನನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಅಪ್ಪನ ಮೊಬೈಲ್ ಖಾಲಿ ಮಾಡಿಕೊಟ್ಟೆ. ಅವತ್ತೇ ರಾತ್ರಿ ತಲೆಗೆ ಬಂತು: ಈ ನೆಲಗಳನ್ನೇ ಜೋಡಿಸಿ ಅಪ್ಪನ ಮುಖ ಮಾಡಿದರೆ?

ಹೊರಗೆ ನೋಡು, ಒಳಗೆ ನೋಡು

ಫೋಟೊ ಮೊಸಾಯಿಕ್ ಅಂದರೆ ಇದೇ. ನೂರಾರು ಚಿಕ್ಕ ಫೋಟೊಗಳನ್ನು ಬಣ್ಣ ನೋಡಿ ಜೋಡಿಸಿ ಒಂದು ದೊಡ್ಡ ಚಿತ್ರ ಮಾಡುವುದು. ದೂರದಿಂದ ಒಂದೇ ಮುಖ, ಹತ್ತಿರ ಹೋದರೆ ನೂರಾರು ಚಿತ್ರ. ನಮ್ಮ ಸೀಮೆಯಲ್ಲಿ 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಅನ್ನುತ್ತಾರಲ್ಲ, ಹಾಗೆ. ಹಂಪಿಯನ್ನು ಹೊರಗಿನಿಂದ ನೋಡಬೇಕು, ಉಜ್ಜಿನಿಯ ಗುಡಿಯ ಕೆತ್ತನೆಯನ್ನು ಒಳಗೆ ಹೋಗಿ ನೋಡಬೇಕು. ಮೊಸಾಯಿಕ್‌ನಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ.

ಚೂರು ಜೋಡಿಸಿ ಚಿತ್ರ ಮಾಡುವುದು ಹಳೆಯ ವಿದ್ಯೆ. ಇಟಲಿಯ ರವೆನ್ನಾ ಊರಿನ ಚರ್ಚುಗಳಲ್ಲಿ 5 ಮತ್ತು 6ನೇ ಶತಮಾನದ ಗಾಜಿನ ಚೂರಿನ ಮುಖಗಳು ಇಂದಿಗೂ ಇವೆ. ಕಂಪ್ಯೂಟರ್ ಕಾಲದ ಕಥೆ ಶುರುವಾಗುವುದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಅಲ್ಲಿನ ಲಿಯೋನ್ ಹಾರ್ಮನ್ 1973ರಲ್ಲಿ ಮುಖ ಗುರುತಿಸುವುದರ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿ ಅಬ್ರಹಾಂ ಲಿಂಕನ್ ಮುಖವನ್ನು ದೊಡ್ಡ ದೊಡ್ಡ ಚೌಕಗಳಾಗಿ ಒಡೆದು ತೋರಿಸಿದ್ದರು. ಹತ್ತಿರದಿಂದ ಬರೀ ಬೂದು ಚೌಕಗಳು, ಕಣ್ಣು ಕಿರಿದು ಮಾಡಿಕೊಂಡು ನೋಡಿದರೆ ಲಿಂಕನ್. ಚೌಕಗಳ ಅಂಚು ಮಸುಕಾದ ಕೂಡಲೇ ಉಳಿದದ್ದನ್ನು ಮಿದುಳು ಮುಖವಾಗಿ ಓದಿಕೊಳ್ಳುತ್ತದೆ. ಇದನ್ನು ನೋಡಿಯೇ ಚಿತ್ರಕಾರ ಸಾಲ್ವದೋರ್ ದಾಲಿ 1976ರಲ್ಲಿ ಒಂದು ಚಿತ್ರ ಮಾಡಿದ. ಹತ್ತಿರದಿಂದ ಸಮುದ್ರ ನೋಡುತ್ತಿರುವ ಅವನ ಹೆಂಡತಿ, 20 ಮೀಟರ್ ದೂರದಿಂದ ಲಿಂಕನ್. 1990ರ ದಶಕದಲ್ಲಿ ಎಂಐಟಿಯ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಸಿಲ್ವರ್ಸ್ ಚೌಕಗಳ ಜಾಗದಲ್ಲಿ ಫೋಟೊಗಳನ್ನೇ ಕೂರಿಸುವ ಸಾಫ್ಟ್‌ವೇರ್ ಬರೆದ. 1998ರ 'ದಿ ಟ್ರೂಮನ್ ಶೋ' ಸಿನಿಮಾದ ಪೋಸ್ಟರಿನಲ್ಲಿ ಜಿಮ್ ಕ್ಯಾರಿಯ ಮುಖ ಹಾಗೆ ಮಾಡಿದ್ದು ಅವನೇ.

ಈಗ ಅದಕ್ಕೆ ಎಂಐಟಿ ಬೇಕಿಲ್ಲ. ಆಂಡ್ರಿಯಾ ಮೊಸಾಯಿಕ್‌ನಂಥ ಉಚಿತ ಸಾಫ್ಟ್‌ವೇರ್ ಇದೆ, ಮೊಬೈಲ್ ಆ್ಯಪ್‌ಗಳಿವೆ. ಆದರೆ ಪೈಥಾನ್ ಕಲಿತು ಎರಡು ಸೆಮಿಸ್ಟರ್ ಆಗಿತ್ತು, ಕ್ಲಾಸಿನ ಹೊರಗೆ ಅದರಿಂದ ಒಂದು ಕೆಲಸವನ್ನೂ ಮಾಡಿರಲಿಲ್ಲ. ನಾನೇ ಬರೆಯೋಣ ಅಂತ ಕೂತೆ.

ಲೆಕ್ಕ ಸುಲಭ. ದೊಡ್ಡ ಚಿತ್ರವನ್ನು ಅಡ್ಡಕ್ಕೆ 60, ಉದ್ದಕ್ಕೆ 80 ಚೌಕ ಮಾಡಿದೆ. ಒಟ್ಟು 4,800. ಪ್ರತಿ ಚೌಕದ ಸರಾಸರಿ ಕೆಂಪು, ಹಸಿರು, ನೀಲಿ ಅಂಶ ತೆಗೆಯಬೇಕು. ಪ್ರತಿ ಚಿಕ್ಕ ಫೋಟೊದ ಸರಾಸರಿಯನ್ನೂ ಹಾಗೇ ತೆಗೆಯಬೇಕು. ಎರಡರ ನಡುವಿನ ವ್ಯತ್ಯಾಸದ ವರ್ಗಗಳನ್ನು ಕೂಡಿದರೆ 'ದೂರ' ಸಿಗುತ್ತದೆ. ಯಾವ ಫೋಟೊದ ದೂರ ಕಡಿಮೆಯೋ ಅದು ಆ ಚೌಕಕ್ಕೆ. ಪಿಯುಸಿಯಲ್ಲಿ ಎರಡು ಬಿಂದುಗಳ ನಡುವಿನ ದೂರ ಅಂತ ಕಲಿತದ್ದೇ ಇದು. ಅಲ್ಲಿ ಎಕ್ಸ್, ವೈ, ಝಡ್ ಇದ್ದ ಜಾಗದಲ್ಲಿ ಇಲ್ಲಿ ಮೂರು ಬಣ್ಣ ಇವೆ, ಅಷ್ಟೇ.

ದೊಡ್ಡ ಚಿತ್ರಕ್ಕೆ ಯಾವ ಫೋಟೊ? ಪಕ್ಕದ ಮನೆ ಅಣ್ಣನ ಹಳೇ ಮೊಬೈಲಿನಲ್ಲಿ ಒಂದು ಸಿಕ್ಕಿತು. 2017ರ ಫೆಬ್ರುವರಿ, ನಮ್ಮೂರ ತೇರಿನ ದಿನ ಬೆಳಿಗ್ಗೆ ತೆಗೆದದ್ದು. ಆ ವರ್ಷ ಎಳೆಯುವಾಗ ತೇರು ಉರುಳಿಬಿತ್ತು. ನಮ್ಮೂರಿನ ಎಲ್ಲರ ಮೊಬೈಲಿನಲ್ಲೂ ಅವತ್ತಿನ ತೇರು ಇದೆ. ಈ ಒಂದರಲ್ಲಿ ಮಾತ್ರ ತೇರಿನ ಮುಂದೆ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಯಾರಿಗೋ ನಗುತ್ತಾ ನಿಂತ ಅಪ್ಪ ಇದ್ದಾನೆ. ಮುಖದ ಭಾಗ ಕತ್ತರಿಸಿದರೆ 180ಕ್ಕೆ 240 ಪಿಕ್ಸೆಲ್ ಮಾತ್ರ. ಬೇರೆ ಯಾವುದಕ್ಕೂ ಬಾರದ ಫೋಟೊ. ಮೊಸಾಯಿಕ್‌ಗೆ ಅಷ್ಟು ಸಾಕು, ಏಕೆಂದರೆ ಹೇಗೂ ಅದನ್ನು 60ಕ್ಕೆ 80 ಚೌಕ ಮಾಡುವವರಿದ್ದೇವೆ. ಮನೆಯಲ್ಲಿ ಮಸುಕಾದ ಹಳೇ ಫೋಟೊ ಒಂದೇ ಉಳಿದಿದೆ ಅಂತ ಬೇಸರಪಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಸಿಮೆಂಟಿನ ಮುಖ

ಅಪ್ಪನ 640 ನೆಲ, ನನ್ನ ಗ್ಯಾಲರಿಯಿಂದ ಆರಿಸಿದ 160, ಒಟ್ಟು 800 ಫೋಟೊ ಹಾಕಿ ಪ್ರೋಗ್ರಾಂ ಓಡಿಸಿದೆ. ಬಂದದ್ದು ನೋಡಿ ನನಗೇ ಅಳು ಬಂತು. ಮುಖ ಬೂದು ಬಣ್ಣದ್ದು. ಸಿಮೆಂಟಿನಲ್ಲಿ ಮಾಡಿದ ಮೂರ್ತಿಯ ಹಾಗೆ. ಕೆನ್ನೆ ತುಂಬ ಒಂದೇ ಕೆನೆಬಣ್ಣದ ಟೈಲ್ಸ್ ನೂರಾರು ಸಲ ಬಂದು ಕೂತಿದೆ, ಕಣ್ಣಿನ ಅಂಚು ಕಾಣುವುದೇ ಇಲ್ಲ.

ಇದಕ್ಕೆ ಒಂದು ಕಳ್ಳದಾರಿ ಇದೆ. ಎಲ್ಲ ಮುಗಿದ ಮೇಲೆ ಮೂಲ ಫೋಟೊವನ್ನೇ ಅರೆಪಾರದರ್ಶಕ ಮಾಡಿ ಮೇಲೆ ಹೊದಿಸಿಬಿಡುವುದು. ಬಹಳ ಆ್ಯಪ್‌ಗಳು ಇದನ್ನೇ ಮಾಡುತ್ತವೆ. ನಾನೂ ಮಾಡಿದೆ. ದೂರದಿಂದ ಅಪ್ಪ ಚೆನ್ನಾಗಿ ಕಂಡ. ಹತ್ತಿರ ಹೋದರೆ ಎಲ್ಲ ನೆಲದ ಮೇಲೂ ಬಣ್ಣದ ನೀರು ಚೆಲ್ಲಿದ ಹಾಗಿತ್ತು. ಆ ನೆಲಗಳನ್ನು ಅಷ್ಟು ಸ್ವಚ್ಛ ಒರೆಸಿ ಫೋಟೊ ತೆಗೆದವನು ಅಪ್ಪ. ಮನಸ್ಸು ಒಪ್ಪಲಿಲ್ಲ, ಅಳಿಸಿದೆ.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದಾಗ ಸುಮ್ಮನೆ ಕೇಳಿದೆ, 'ಅಪ್ಪಾ, ತಾರಸಿ ಮೇಲೆ ಒಡೆದ ಟೈಲ್ಸ್ ಚೂರು ಹಾಕ್ತೀರಲ್ಲ, ಅದನ್ನ ಹೆಂಗ ಮಾಡ್ತೀರಿ?'

'ನಿನಗ್ಯಾಕ ಬೇಕವ್ವಾ ಅದು? ಓದೋದು ಬಿಟ್ಟು.'

'ಹೇಳಪ್ಪಾ, ಒಂದು ಪ್ರಾಜೆಕ್ಟ್ ಐತಿ.'

ಪ್ರಾಜೆಕ್ಟ್ ಅಂದ ಕೂಡಲೇ ಅಪ್ಪ ಗಂಭೀರನಾದ. 'ಮೊದ್ಲು ಚೂರೆಲ್ಲ ಬಣ್ಣದ ಪ್ರಕಾರ ಗುಡ್ಡಿ ಹಾಕ್ಕೋಬೇಕು. ಯಾವ ಗುಡ್ಡಿ ಸಣ್ಣದೈತಿ ಅಂತ ಆವಾಗ್ಲೇ ಗೊತ್ತಾಗ್ತೈತಿ. ಅರ್ಧ ಹಾಕಿದ ಮ್ಯಾಲೆ ಬಣ್ಣ ಸಾಲ್ಲಿಲ್ಲ ಅಂದ್ರ ಅಂಗಡಿಯಾಗ ಅದೇ ಬಣ್ಣ ಸಿಗಂಗಿಲ್ಲ. ಒಂದೇ ಥರದ್ದು ಎರಡು ಪಕ್ಕಪಕ್ಕ ಇಡಬಾರ್ದು, ಕಣ್ಣು ಅಲ್ಲೇ ಹೋಗಿ ನಿಲ್ತೈತಿ. ಮತ್ತ ಗಳಿಗೆಗೊಮ್ಮೆ ಎದ್ದು ದೂರ ನಿಂತು ನೋಡಬೇಕು. ಕುಂತು ಹಾಕಬೇಕು, ನಿಂತು ನೋಡಬೇಕು. ಬರೇ ಕುಂತೇ ಹಾಕಿದ್ರ ಸೊಟ್ಟ ಆಗ್ತೈತಿ.'

ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಇಂಟರ್‌ನೆಟ್‌ನಲ್ಲಿ ಎರಡು ದಿನ ಹುಡುಕಿದ್ದರೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಗುಡ್ಡೆ ಹಾಕಿ ನೋಡಿದರೆ ನನ್ನ ಹತ್ತಿರ ಬಿಳಿ, ಬೂದು, ಕೆನೆ ರಾಶಿ ರಾಶಿ. ಕಂದು ಬಣ್ಣದ ಗುಡ್ಡೆಯೇ ಇಲ್ಲ. ಅಪ್ಪನ ಮೈಬಣ್ಣದ ಒಂದು ಚೂರೂ ಇಲ್ಲದೆ ಅಪ್ಪನ ಮುಖ ಮಾಡಲು ಹೊರಟಿದ್ದೆ.

ಐದು ತಾಲ್ಲೂಕಿನ ಬಣ್ಣ

ಬೇರೆಯವರ ಫೋಟೊ ಬೇಕಿತ್ತು. ಕೇಳಬೇಕೆಂದರೆ ಯಾಕೆ ಅಂತ ಹೇಳಬೇಕು. ಇಲ್ಲಿ ಬಂತು ನೋಡಿ ಆ ಎರಡನೇ ಕಾರಣ. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಪರಿಚಯ ಮಾಡಿಕೊಳ್ಳುವಾಗ 'ನಿಮ್ಮಪ್ಪ ಏನು ಮಾಡ್ತಾರೆ?' ಅಂತ ಕೇಳಿದ್ದರು. ನನಗಿಂತ ಮುಂಚೆ ಹೇಳಿದವರ ಅಪ್ಪಂದಿರು ಮೇಷ್ಟ್ರು, ಬ್ಯಾಂಕು, ಎಂಜಿನಿಯರು. ನನ್ನ ಬಾಯಲ್ಲಿ 'ಬೆಂಗಳೂರಲ್ಲಿ ಬಿಲ್ಡಿಂಗ್ ಕಾಂಟ್ರ್ಯಾಕ್ಟರ್' ಅಂತ ಬಂದುಬಿಟ್ಟಿತು. ಒಂದು ಸಲ ಬಂದದ್ದು ಎರಡು ವರ್ಷ ಹಾಗೇ ಉಳಿಯಿತು. ಅಪ್ಪ ಹಾಸ್ಟೆಲ್‌ಗೆ ಬರುತ್ತೇನೆ ಅಂದಾಗಲೆಲ್ಲ 'ಸುಮ್ನೆ ಯಾಕಪ್ಪಾ ಖರ್ಚು' ಅಂತ ತಪ್ಪಿಸಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಒಂದು ರಾತ್ರಿ ಲ್ಯಾಪ್‌ಟಾಪ್ ತೆರೆದಿಟ್ಟು ನೀರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಕೂಡ್ಲಿಗಿಯವಳು ಪರದೆ ನೋಡುತ್ತಾ ಕೂತಿದ್ದಳು. 'ಇವೆಲ್ಲ ಯಾರ ಮನೇವೇ? ಇಷ್ಟು ನೆಲ ಯಾಕೆ ಇಟ್ಕಂಡೀಯಾ?'

ಸುಳ್ಳು ಹೇಳಲು ಇನ್ನೊಂದು ಸುಳ್ಳು ಸಿದ್ಧವಿರಲಿಲ್ಲ. 'ನಮ್ಮಪ್ಪ ಹಾಕಿದ್ದು. ಕಾಂಟ್ರ್ಯಾಕ್ಟರ್ ಅಲ್ಲ, ಟೈಲ್ಸ್ ಕೆಲಸ ಮಾಡ್ತಾನೆ' ಅಂದೆ.

ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹರಪನಹಳ್ಳಿಯವಳು ಬಟ್ಟೆ ಮಡಚುತ್ತಲೇ ಹೇಳಿದಳು, 'ನಮ್ಮಪ್ಪ ಅವ್ವ ವರ್ಷಾ ಮಂಡ್ಯದ ಕಡೆ ಕಬ್ಬು ಕಡಿಯಾಕ ಹೋಗ್ತಾರೆ. ನಾನು ರೈತರು ಅಂತ ಹೇಳಿದ್ದೆ. ಅದೂ ಸುಳ್ಳೇನಲ್ಲ, ಎರಡೆಕರೆ ಐತಿ. ಮಳೆ ಇಲ್ಲ.' ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದು. ಸುಗ್ಗಿ ಮುಗಿದ ಕೂಡಲೇ ಬೀಗ ಬೀಳುವ ಬಾಗಿಲುಗಳನ್ನು ನೋಡಿಕೊಂಡೇ ನಾವು ಬೆಳೆದವರು. ಆದರೂ ಐದು ಜನ ಎರಡು ವರ್ಷ ಅಕ್ಕಪಕ್ಕ ಮಲಗಿ ಎದ್ದರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಮುಂದಿನ ಎರಡು ವಾರ ನಾಲ್ವರೂ ಊರಿಗೆ ಹೋದಾಗಲೆಲ್ಲ ಬಣ್ಣ ತಂದರು. ಕೂಡ್ಲಿಗಿಯವಳು ಕೆಂಪು ಮಣ್ಣು ತಂದಳು: ಉತ್ತ ಹೊಲ, ಶೇಂಗಾ ಕಿತ್ತ ಗುಂಡಿ, ಅಂಗಳದಲ್ಲಿ ಹರವಿದ ಹುಣಸೆಹಣ್ಣು, ಗುಡೇಕೋಟೆಯ ಬಂಡೆಗಳು. ಆ ಗುಡ್ಡಗಳ ಕಡೆ ಕರಡಿಧಾಮ ಇದೆ. 'ಕರಡಿ ಫೋಟೊ ಸಿಕ್ಕಿದ್ರ ನಿಮ್ಮಪ್ಪನ ಮೀಸೆಗೆ ಆಗ್ತಿತ್ತು' ಅಂದಳು. ಹಡಗಲಿಯವಳು ಮಲ್ಲಿಗೆ ತಂದಳು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇರುವುದು ನಿಮಗೆ ಗೊತ್ತಿರಬಹುದು. ಬುಟ್ಟಿ ತುಂಬಿದ ಮೊಗ್ಗು ಅಪ್ಪನ ಬಿಳಿ ಅಂಗಿಯಾಯಿತು. ತುಂಗಭದ್ರೆಯ ದಂಡೆಯ ಎರೆಮಣ್ಣು, ಮೈಲಾರದ ಜಾತ್ರೆಯ ಭಂಡಾರ, ಗೊರವರ ಕರಿ ಕಂಬಳಿ ಕೂಡ ಅವಳ ಕಡೆಯಿಂದಲೇ ಬಂದವು. ಕಂಬಳಿ ಎಲ್ಲ ತಲೆಗೂದಲಿಗೆ ಹೋಯಿತು.

ಹಗರಿಬೊಮ್ಮನಹಳ್ಳಿಯವಳು ಅಂಕಸಮುದ್ರದ ಕೆರೆಗೆ ಹೋಗಿ ಬಂದಳು. ಜಾಲಿ ಮರಗಳ ತುಂಬ ಹಕ್ಕಿ ಕೂರುವ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಅವಳ ಮೊಬೈಲಿನಲ್ಲಿ ಹಕ್ಕಿಗಳು ಚುಕ್ಕಿಯ ಹಾಗೆ ಬಂದಿದ್ದವು. ಆದರೆ ನೀರು, ಸಂಜೆ ಆಕಾಶ, ಒಣ ಕೊಂಬೆ, ಎಲ್ಲವೂ ನನ್ನ ಹಿನ್ನೆಲೆಗೆ ಬೇಕಾದ ಬಣ್ಣವೇ. ಹರಪನಹಳ್ಳಿಯವಳು ಮೆಕ್ಕೆಜೋಳದ ರಾಶಿ, ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳು, ಉಚ್ಚಂಗಿದುರ್ಗದ ಮೆಟ್ಟಿಲು ತಂದಳು. ಜೊತೆಗೆ ತವೆಯ ಮೇಲೆ ಉಬ್ಬಿದ ಜೋಳದ ರೊಟ್ಟಿ, ಬೆಲ್ಲದ ಅಚ್ಚು, ಅವಳವ್ವನ ಎರಡು ಅಂಗೈ. 'ಅವ್ವನ್ನ ಕೇಳೇ ತೆಗೆದೀನಿ' ಅಂತ ಸೇರಿಸಿದಳು. ಹಣೆ ಕೆನ್ನೆಗಳಿಗೆ ಅದಕ್ಕಿಂತ ಹೊಂದುವ ಬಣ್ಣ ಬೇರೆ ಸಿಗಲಿಲ್ಲ.

ಹೀಗೆ 400 ಫೋಟೊ ಬಂದು ಒಟ್ಟು 1,200 ಆದವು.

ನೀವೂ ಮಾಡುವುದಾದರೆ

ನಾನು ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ನಿಮಗೆ ಸಮಯ ಉಳಿಯುತ್ತದೆ.

ಮೊದಲು ಗುಡ್ಡೆ. ಕಪ್ಪಿನಿಂದ ಬಿಳಿವರೆಗೆ, ಮತ್ತು ಮುಖವಾದರೆ ಕಂದು ಬಣ್ಣದಲ್ಲಿ, ಫೋಟೊ ಧಾರಾಳ ಇರಲಿ. ಒಂದೇ ಬಣ್ಣ ತುಂಬಿದ ಸರಳ ಫೋಟೊ ಒಳ್ಳೆಯದು. ಹತ್ತು ಜನರ ಗ್ರೂಪ್ ಫೋಟೊ ಚೌಕದೊಳಗೆ ಬರೀ ಕಲಸಿದ ಬಣ್ಣವಾಗುತ್ತದೆ.

ಎರಡನೆಯದು, ಚೌಕದ ಒಟ್ಟು ಸರಾಸರಿ ಸಾಲದು. ಪ್ರತಿ ಚೌಕವನ್ನು ಮತ್ತೆ ಮೂರಕ್ಕೆ ಮೂರು, ಒಂಬತ್ತು ಭಾಗ ಮಾಡಿ ಹೋಲಿಸಿ. ಆಗ ಅರ್ಧ ಕಪ್ಪು ಅರ್ಧ ಬಿಳಿ ಇರುವ ಫೋಟೊ ಹುಬ್ಬಿನ ಅಂಚಿಗೆ ಸರಿಯಾಗಿ ಹೋಗಿ ಕೂರುತ್ತದೆ. ನನ್ನ ಚಿತ್ರದಲ್ಲಿ ಕಣ್ಣು ಮೂಡಿದ್ದು ಇದನ್ನು ಮಾಡಿದ ಮೇಲೆಯೇ.

ಮೂರನೆಯದು, ಪುನರಾವರ್ತನೆಗೆ ಕಡಿವಾಣ. ಒಂದು ಫೋಟೊ ಹೆಚ್ಚೆಂದರೆ 12 ಸಲ, ಅದೂ ಆರು ಚೌಕದ ಒಳಗೆ ಮತ್ತೆ ಬರಬಾರದು ಅಂತ ನಿಯಮ ಹಾಕಿದೆ. 4,800 ಚೌಕಕ್ಕೆ 1,200 ಫೋಟೊ ಅಂದರೆ 57 ಲಕ್ಷದ 60 ಸಾವಿರ ಹೋಲಿಕೆ. ಹೆದರಬೇಡಿ, ಸಾಧಾರಣ ಲ್ಯಾಪ್‌ಟಾಪ್‌ಗೆ ಇದು ಕೆಲವು ನಿಮಿಷದ ಕೆಲಸ. ಚಿಕ್ಕ ಫೋಟೊಗಳನ್ನು ಮೊದಲೇ ಕುಗ್ಗಿಸಿ ಅವುಗಳ ಸರಾಸರಿಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಲೆಕ್ಕ ಮಾಡಬೇಡಿ.

ನಾಲ್ಕನೆಯದು ಅಳತೆ. ಪ್ರತಿ ಚಿಕ್ಕ ಫೋಟೊಗೆ 60 ಪಿಕ್ಸೆಲ್ ಕೊಟ್ಟರೆ ಪೂರ್ತಿ ಚಿತ್ರ 3,600ಕ್ಕೆ 4,800 ಪಿಕ್ಸೆಲ್. ಇಂಚಿಗೆ 300ರಂತೆ ಪ್ರಿಂಟ್ ತೆಗೆಸಿದರೆ 12ಕ್ಕೆ 16 ಇಂಚು, ಒಂದೊಂದು ಚೌಕ ಸುಮಾರು ಐದು ಮಿಲಿಮೀಟರ್. ಆದರೆ ಸೋಷಿಯಲ್ ಮೀಡಿಯಾ ಇದನ್ನು ಹಾಗೇ ಬಿಡುವುದಿಲ್ಲ. ಇನ್‌ಸ್ಟಾಗ್ರಾಂ 1,080 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದರೆ ಒಂದೊಂದು ಫೋಟೊಗೆ ಉಳಿಯುವುದು 18 ಪಿಕ್ಸೆಲ್. ಮಲ್ಲಿಗೆಯೂ ಕಾಣದು, ನೆಲವೂ ಕಾಣದು. ಅದಕ್ಕೇ ಒಂದೇ ಫೋಟೊ ಹಾಕುವ ಬದಲು ಆಲ್ಬಂ ಮಾಡಿ. ಮೊದಲನೆಯದು ಪೂರ್ತಿ ಮುಖ, ಆಮೇಲೆ ಕಣ್ಣು, ಹಣೆ, ಮೀಸೆ, ಅಂಗಿ ಅಂತ ಬೇರೆ ಬೇರೆ ಕತ್ತರಿಸಿದ ಭಾಗಗಳು, ಕೊನೆಗೆ ಕೆಲವು ಮೂಲ ಫೋಟೊ. ನೋಡುವವರು ಒಂದೊಂದೇ ಸರಿಸುತ್ತಾ ಒಳಗೆ ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ: ಕೇಳಿ ಹಾಕಿ. ಚಿಕ್ಕ ಚೌಕದಲ್ಲಿ ಯಾರಿಗೆ ಕಾಣುತ್ತದೆ ಅನ್ನಬೇಡಿ. ಮೂಲ ಫೈಲ್ ಹಿಗ್ಗಿಸಿದರೆ ಮುಖ ಕಾಣುತ್ತದೆ. ನನ್ನ ಗ್ಯಾಲರಿಯಿಂದ ಆರಿಸಿದವುಗಳಲ್ಲಿ ಗೆಳತಿಯರ ಮುಖವಿದ್ದ ಫೋಟೊಗಳನ್ನು ಅವರಿಗೆ ತೋರಿಸಿ ಕೇಳಿದೆ. ಒಬ್ಬಳು ಬೇಡ ಅಂದಳು. ಯಾಕೆ ಅಂತ ಕೇಳಲಿಲ್ಲ, ತೆಗೆದು ಆ ಜಾಗಕ್ಕೆ ಬೆಕ್ಕನ್ನು ಹಾಕಿದೆ.

ದೀಪಾವಳಿಯ ರಾತ್ರಿ

ಹಬ್ಬಕ್ಕೆ ಅಪ್ಪ ಬಂದ. ಊಟ ಆದ ಮೇಲೆ ಚಿತ್ರವನ್ನು ಮೊಬೈಲಿಗೆ ಹಾಕಿ ಮೊದಲು ಅವ್ವನಿಗೆ ಕೊಟ್ಟೆ. ಅವ್ವ ಕಣ್ಣಿನ ಹತ್ತಿರ ಹಿಡಿದು ನೋಡಿದಳು. 'ಏನೇ ಇದು, ಬರೇ ಚುಕ್ಕಿ ಚುಕ್ಕಿ. ಇದೇನು ಮಲ್ಲಿಗೆ? ಇದ್ಯಾರ ರೊಟ್ಟಿ?' ಅಂತ ಬೆರಳಿನಿಂದ ಹಿಗ್ಗಿಸುತ್ತಾ ಕೂತಳು. ಅಪ್ಪ ಇಸಿದುಕೊಂಡ. ಅಪ್ಪನಿಗೆ ಈಚೆಗೆ ಹತ್ತಿರದ್ದು ಕಾಣುವುದಿಲ್ಲ, ಕನ್ನಡಕ ಮಾಡಿಸಿಕೊಂಡಿಲ್ಲ. ಮೊಬೈಲನ್ನು ಮಾರುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ. ಆ ಕ್ಷಣಕ್ಕೇ ನಕ್ಕುಬಿಟ್ಟ.

'ಲೇ, ಇದು ನಾನಲ್ಲೇನು!'

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ನೆಲ ಗುರುತಿಸತೊಡಗಿದ. 'ಇದು ಯಲಹಂಕದ್ದು. ಇದು ಆ ಡಾಕ್ಟರ ಮನಿ, ಅವ್ರ ತಾಯಿ ದಿನಾ ಚಾ ಕೊಡ್ತಿದ್ರು. ಇದು ಐದನೇ ಮಹಡಿ, ಲಿಫ್ಟ್ ಇರಲಿಲ್ಲ, ಪೂರಾ ಹೊತ್ತು ಹತ್ತಿಸಿದ್ವಿ. ಇದು... ಇದ್ರ ದುಡ್ಡು ಇನ್ನೂ ಬಂದಿಲ್ಲ ನೋಡು.' ಅವ್ವ ಪಕ್ಕಕ್ಕೆ ಬಂದು ಕೂತಳು. ಮದುವೆಯಾಗಿ ಇಷ್ಟು ವರ್ಷವಾದರೂ ಅಪ್ಪ ಎಲ್ಲಿ ಏನು ಕೆಲಸ ಮಾಡುತ್ತಾನೆ ಅಂತ ಅವಳು ಕಣ್ಣಿನಿಂದ ನೋಡಿದ್ದು ಅವತ್ತೇ ಮೊದಲು.

ಎಡಗೆನ್ನೆಯ ಹತ್ತಿರ ಅಪ್ಪನ ಬೆರಳು ನಿಂತಿತು. 'ಇಲ್ಲಿ ತಪ್ಪಾಗೈತಿ. ಒಂದೇ ಥರದ್ದು ಎರಡು ಪಕ್ಕ ಬಿದ್ದಾವು.'

ಸಾಧ್ಯವೇ ಇಲ್ಲ, ನಿಯಮ ಹಾಕಿದ್ದೇನೆ ಅಂದುಕೊಂಡು ಹಿಗ್ಗಿಸಿ ನೋಡಿದೆ. ಅಪ್ಪ ಹೇಳಿದ್ದು ಸರಿ. ಒಂದೇ ನೆಲವನ್ನು ಎರಡು ಸಲ ತೆಗೆದ ಎರಡು ಬೇರೆ ಫೋಟೊ ಅವು. ನನ್ನ ಪ್ರೋಗ್ರಾಂಗೆ ಫೈಲಿನ ಹೆಸರು ಗೊತ್ತು, ನೆಲ ಗೊತ್ತಿಲ್ಲ.

'ಇದನ್ನ ಫೇಸ್‌ಬುಕ್ಕಿಗೆ ಹಾಕ್ಲಾ ಅಪ್ಪಾ?' ಅಂತ ಕೇಳಿದೆ. ಕೇಳುವಾಗ ಧ್ವನಿ ಸ್ವಲ್ಪ ಸಣ್ಣದಾಗಿತ್ತು. ಕಾಂಟ್ರ್ಯಾಕ್ಟರ್ ಕಥೆಯನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. 'ಹಾಕವ್ವಾ. ಅದ್ರಾಗ ನನ್ನ ಜೋಡಿ ಕೆಲ್ಸ ಮಾಡೋ ಹುಡುಗ್ರು ಎಲ್ಲೆರ ಕಂಡ್ರ ಅವ್ರನ್ನ ಕೇಳಿ ಹಾಕು' ಅಂದ. ಆಮೇಲೆ, 'ಹಾಸ್ಟೆಲ್ಲಿಗೆ ಬರ್ಲಿ ಬ್ಯಾಡ ಅಂತಿದ್ದಿ, ಅದಕ್ಕೇನು?' ಅಂತ ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೊರಗೆ ಹೋದ. ಅಂಗಳದಲ್ಲಿ ಹಣತೆಗೆ ಎಣ್ಣೆ ಹಾಕುತ್ತಾ ಬಹಳ ಹೊತ್ತು ಕೂತಿದ್ದ.

ಮೂರು ದಿನ ಬಿಟ್ಟು ಆಲ್ಬಂ ಹಾಕಿದೆ. ಹತ್ತು ಫೋಟೊ. ಮೊದಲನೆಯದು ಅಪ್ಪನ ಮುಖ, ಕೊನೆಯದು ಹೊಳೆಯುವ ನೆಲದ ಮೂಲೆಯಲ್ಲಿನ ಹೆಬ್ಬೆರಳು. ಶೀರ್ಷಿಕೆಗೆ ಬಹಳ ಯೋಚಿಸಿ, ಏನೇನೋ ಬರೆದು ಅಳಿಸಿ, ಕೊನೆಗೆ 'ನಮ್ಮಪ್ಪ. ಟೈಲ್ಸ್ ಕೆಲಸ ಮಾಡುತ್ತಾನೆ' ಅಂತಷ್ಟೇ ಬರೆದೆ. ಲೈಕು ಎಷ್ಟು ಬಂದವು ಅನ್ನುವುದು ದೊಡ್ಡ ಮಾತಲ್ಲ. ಕ್ಲಾಸಿನ ಇಬ್ಬರು ಬೇರೆ ಬೇರೆಯಾಗಿ ಮೆಸೇಜ್ ಮಾಡಿ ತಮ್ಮ ಅಪ್ಪಂದಿರ ಕೆಲಸ ಏನು ಅಂತ ಹೇಳಿದರು. ಒಬ್ಬಳು 'ಕೋಡ್ ಕಳಿಸ್ತೀಯಾ?' ಅಂತ ಕೇಳಿದಳು. ಕಳಿಸಿದೆ.

ನವೆಂಬರ್ ಕೊನೆಯಲ್ಲಿ ಅಪ್ಪ ದಾವಣಗೆರೆಗೆ ಬಂದಿದ್ದ. ಹಾಸ್ಟೆಲ್ ಗೇಟಿನ ಹತ್ತಿರ ನಾಲ್ವರೂ ಬಂದು ಮಾತಾಡಿಸಿದರು, ಮಂಡಕ್ಕಿ ಮಿರ್ಚಿ ತಿಂದೆವು. ಅಪ್ಪ ನಿಂತಲ್ಲೇ ನೆಲ ನೋಡಿ 'ಈ ಮೂಲಿ ಟೈಲ್ಸ್ ಪೊಳ್ಳು ಐತಿ, ತಟ್ಟಿ ನೋಡ್ರಿ' ಅಂದ. ಕೂಡ್ಲಿಗಿಯವಳು ತಟ್ಟಿ ನೋಡಿದಳು. ಪೊಳ್ಳೇ ಇತ್ತು.

ಮೊನ್ನೆ ಅಪ್ಪನ ನಂಬರಿನಿಂದ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಯಾವುದೋ ದೊಡ್ಡ ಹಾಲ್, ಬಿಳಿ ನೆಲ, ಗೆರೆಗಳು ನೇರಾನೇರ. ಈ ಸಲ ಮೂಲೆಯಲ್ಲಿ ಬೆರಳಿರಲಿಲ್ಲ. ಜೊತೆಗಾರ ಯಾರೋ ತೆಗೆದಿರಬೇಕು, ನೆಲದ ನಡುವೆ ಅಪ್ಪನೇ ನಿಂತಿದ್ದ.